'ಬಸ್' ಅನ್ನಬಾರದಿದ್ದ ಚಳಿಗಾಲ

ಕಳೆದ ತಿಂಗಳು ಟಿಳಕವಾಡಿಯ ಕಾರ್ಯಾಲಯವೊಂದರಲ್ಲಿ ಮದುವೆಯ ಊಟಕ್ಕೆ ಕೂತಿದ್ದೆ. ಬಡಿಸುವವರು ಶ್ರೀಖಂಡದ ಬಕೆಟ್ ಹಿಡಿದು ಎರಡನೆಯ ಸುತ್ತು ಬಂದರು. ಸಾಲಿನಲ್ಲಿದ್ದವರೆಲ್ಲ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬಸ್ ರೀ, ಬಸ್ ಬಸ್" ಎಂದರು. ಸಾಕು ಎನ್ನಲು ನಮ್ಮ ಬೆಳಗಾವಿಯಲ್ಲಿ ಇರುವ ಮಾತೇ ಅದು. ಮನೆಯಲ್ಲಿ ಕನ್ನಡ ಆಡುವವರೂ ಅದನ್ನೇ ಅನ್ನುತ್ತಾರೆ, ಮರಾಠಿ ಆಡುವವರೂ ಅದನ್ನೇ ಅನ್ನುತ್ತಾರೆ. ನನ್ನ ಸರದಿ ಬಂದಾಗ ನಾನು "ಸಾಕು" ಎಂದೆ. ಪಕ್ಕದಲ್ಲಿದ್ದ ಸೋದರತ್ತೆಯ ಮಗಳು ಬಿಡಲಿಲ್ಲ.

"ಯಾಕವಾ ಕುಸುಮಾ, ಮೈಸೂರವರ ಗತೆ ಸಾಕು ಸಾಕು ಅಂತಿ? ಬಸ್ ಅಂದ್ರ ಬಾಯಿ ಸವೀತೈತೇನು?"

ನಕ್ಕುಬಿಟ್ಟೆ. ಕೈ ತೊಳೆದು ಹೊರಗೆ ಬಂದರೆ, ಮದುಮಗನನ್ನು ಹೊತ್ತು ತಂದಿದ್ದ ಕುದುರೆ ಗೇಟಿನ ಬಳಿ ನಿಂತಿತ್ತು. ಜರಿಯ ಜೂಲು ಬಿಚ್ಚಿ ಮಾಲೀಕ ಅದರ ಬೆನ್ನು ಒರೆಸುತ್ತಿದ್ದ. ಬೆವರು, ಒಣಹುಲ್ಲು, ತೊಗಲು, ಬಾಡಿದ ಚೆಂಡುಹೂವು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ತುಂಬಿತು. ಮದುವೆ ಮನೆಯಲ್ಲಿ ಅಳುವ ವಯಸ್ಸು ನನ್ನದಲ್ಲ. ಕಣ್ಣಿಗೆ ಕಸ ಬಿತ್ತೆಂದು ಹೇಳಿ ರಿಕ್ಷಾ ಹಿಡಿದೆ. ಮನೆ ಮುಟ್ಟುವವರೆಗೂ ಕಣಕುಂಬಿಯ ಕಾಡಿನಲ್ಲಿ ಕಳೆದ ಆ ಒಂದು ಚಳಿಗಾಲವೇ ಕಣ್ಣ ಮುಂದೆ ಇತ್ತು.

ಎಂಟು ವರ್ಷದ ಹಿಂದಿನ ಮಾತು. ಅದನ್ನು ಹೇಳಬೇಕೆಂದರೆ ನನ್ನ ಕಾಲಿನಿಂದಲೇ ಶುರು ಮಾಡಬೇಕು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಬೆಳೆಯುವುದನ್ನು ನಿಲ್ಲಿಸಿತು. ಉಳಿದದ್ದೆಲ್ಲ ಬೆಳೆಯಿತು; ಬಾಯಿ ಒಂದು ಕೈ ಹೆಚ್ಚೇ ಬೆಳೆಯಿತು. ಕಾಲಿಗೆ ಕಬ್ಬಿಣದ ಪಟ್ಟಿಯ ಬೂಟು, ಕೈಯಲ್ಲಿ ಕೋಲು ಹಿಡಿದು ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೆಲಸ ಮಾಡಿದೆ. ಕೌಂಟರಿನ ಆಚೆ ನಿಂತವರಿಗೆ ನಾನು ಏಳುವವರೆಗೆ ಏನೂ ಗೊತ್ತಾಗುತ್ತಿರಲಿಲ್ಲ, ಅದು ನನಗೆ ಬಹಳ ಹಿಡಿಸಿತ್ತು.

ನನಗೆ ಹಿಡಿಸದ ಕೆಲಸ ಒಂದೇ, ಯಾರಾದರೂ ನನ್ನನ್ನು ಎತ್ತುವುದು. ಸಣ್ಣವಳಿದ್ದಾಗ ಕಂಡವರೆಲ್ಲ ಎತ್ತುತ್ತಿದ್ದರು. ಬಸ್ಸಿಗೆ ಕಂಡಕ್ಟರು, ಜಟಕಾಕ್ಕೆ ಕಾಕಾ, ಸಾಲೆಯ ಮೆಟ್ಟಿಲಿಗೆ ಜವಾನ. ಎತ್ತಲೇ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಮೇಲಿಂದ "ಪಾಪ" ಎಂಬ ಮಾತು ಬೇರೆ. ಹದಿನಾರು ತುಂಬಿದ ದಿನ ಅವ್ವನಿಗೆ ಹೇಳಿದೆ, "ಇನ್ನ ಮ್ಯಾಲೆ ಯಾರೂ ನನ್ನ ಎತ್ತಬಾರದು. ಬಿದ್ದರ ನಾನ ಏಳ್ತೀನಿ." ಅವತ್ತಿನಿಂದ ಎಷ್ಟೋ ಸಲ ಬಿದ್ದೆ, ಅಷ್ಟೂ ಸಲ ನಾನೇ ಎದ್ದೆ.

ನೌಕರಿಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ ವರ್ಷವೇ ನನ್ನ ತಮ್ಮ ಸಂಜುಗೆ ಕುದುರೆಯ ಹುಚ್ಚು ಹಿಡಿಯಿತು. ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೋಗುವ ರಸ್ತೆಯಿಂದ ಒಳಗೆ ಸರಿದು, ಹಳ್ಳದ ದಂಡೆಯ ಬಯಲೊಂದನ್ನು ಬಾಡಿಗೆ ಹಿಡಿದ. ಎಂಟು ಡೇರೆ, ತಗಡಿನ ಅಡುಗೆಮನೆ, ಮೂರು ಕುದುರೆ. ಬೆಳಗಾವಿಯಿಂದ, ಹುಬ್ಬಳ್ಳಿಯಿಂದ ಜನ ಬಂದು ಎರಡು ದಿನ ಇರುವುದು, ಕುದುರೆಯ ಮೇಲೆ ಕಾಡು ತಿರುಗುವುದು, ದೊಡ್ಡ ಗವಿ ನೋಡುವುದು. ಗವಿ ಡೇರೆಗಳಿಂದ ಎರಡು ಮೈಲಿ ಮೇಲೆ, ಬಂಡೆಗಳ ನಡುವಿನ ಏರುಹಾದಿಯಲ್ಲಿ. ಫೋನು ಹತ್ತುತ್ತಿರಲಿಲ್ಲ. ಹಳ್ಳದ ಸಪ್ಪಳ, ಎಮ್ಮೆಯ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲದ ಜಾಗ ಅದು.

"ಅಕ್ಕಾ, ಬಂದವರ ಹೆಸರು ಬರಕೊಳ್ಳಾಕ, ಅಡಗಿ ಮ್ಯಾಲೆ ಕಣ್ಣಿಡಾಕ ಒಬ್ಬರು ಬೇಕಾಗೈತಿ. ನೀ ಬಾ" ಎಂದ ಸಂಜು. ದೀಪಾವಳಿ ಮುಗಿಸಿಕೊಂಡು ಟ್ರಂಕು ಕಟ್ಟಿದೆ. ಹೋಳಿಯವರೆಗೆ ಅಲ್ಲೇ ಇದ್ದೆ.

ಅಡುಗೆ ಮಾಡುತ್ತಿದ್ದವಳು ಜನಾಬಾಯಿ. ಹತ್ತಿರದ ಗೌಳಿವಾಡೆಯವಳು, ಎಮ್ಮೆ ಸಾಕುವ ಗೌಳಿಗರ ಪೈಕಿ. ಗಂಡ ಎಮ್ಮೆ ಬಿಟ್ಟು ಖಾನಾಪುರದಲ್ಲಿ ಪಗಾರದ ಕೆಲಸಕ್ಕೆ ಸೇರಿದ್ದ. ಎಮ್ಮೆಗಳನ್ನು ಇವಳೇ ನೋಡಿಕೊಳ್ಳುತ್ತಿದ್ದಳು. ಮರಾಠಿಯಲ್ಲಿ ಶುರುವಾದ ಅವಳ ಮಾತು ಕನ್ನಡದಲ್ಲಿ ಮುಗಿಯುತ್ತಿತ್ತು. ಅವಳ ಚಹಾದಲ್ಲಿ ಹಾಲೇ ಹೆಚ್ಚು, ಚಹಾ ಹೆಸರಿಗೆ. ಬೆಳಿಗ್ಗೆ ಎದ್ದರೆ ಡೇರೆಯ ಬಟ್ಟೆ ಇಬ್ಬನಿಗೆ ತೊಯ್ದು ಜೋತು ಬಿದ್ದಿರುತ್ತಿತ್ತು. ಹತ್ತು ಗಂಟೆಯವರೆಗೆ ಹಳ್ಳದ ಆಚೆ ದಂಡೆ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಮೂಗು ಕೆಂಪಗೆ ಮಾಡಿಕೊಂಡು, ಮಫ್ಲರ್ ಸುತ್ತಿಕೊಂಡು, ನಾನು ಮೇಜಿನ ಹಿಂದೆ ಕೂತು ಬಂದವರಿಗೆಲ್ಲ ಗವಿಯ ವರ್ಣನೆ ಮಾಡುತ್ತಿದ್ದೆ.

ಈ ವರ್ಣನೆಯ ಕೆಲಸ ನನಗೆ ಯಾರೂ ಹಚ್ಚಿರಲಿಲ್ಲ, ನಾನೇ ಹಚ್ಚಿಕೊಂಡಿದ್ದೆ. "ಗವಿ ಬಾಯಾಗ ಹತ್ತ ಲಾರಿ ನಿಲ್ಲಬಹುದ್ರಿ. ಒಳಗ ಬಾವಲಿ ಅದಾವ, ಬ್ಯಾಟರಿ ಕೆಳಗ ಹಿಡೀರಿ, ಮಾತಾಡಬ್ಯಾಡ್ರಿ. ಮುಂಜಾನಿ ಹೋದರ ಬಿಸಲು ಒಳಗಿನತನಾ ಬೀಳತೈತಿ, ಭಾಳ ಛಂದ." ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. ಒಮ್ಮೆ ಹುಬ್ಬಳ್ಳಿಯ ಹೆಂಗಸೊಬ್ಬಳು, "ನೀವು ಎಷ್ಟ ಸಲ ಹೋಗಿ ಬಂದೀರ್ರೀ?" ಎಂದು ಕೇಳಿದಳು. "ಎಣಿಸಿಲ್ರಿ" ಎಂದೆ. ಸುಳ್ಳಲ್ಲ, ಎಣಿಸುವುದಕ್ಕೆ ಏನೂ ಇರಲಿಲ್ಲ. ನೋಡಿ ಬಂದವರ ಬಾಯಿಂದ ಒಂದೊಂದು ಚೂರು ಎತ್ತಿಕೊಂಡು, ಕೌದಿ ಹೊಲಿದ ಹಾಗೆ ಹೊಲಿದುಕೊಂಡಿದ್ದ ಗವಿ ಅದು.

ಸಂಜು ಕೇಳಿದ್ದ. ಖುರ್ಚಿಗೆ ಬಿದಿರು ಕಟ್ಟಿ ಇಬ್ಬರ ಹೆಗಲ ಮೇಲೆ ಕಳಿಸುತ್ತೇನೆ ಎಂದಿದ್ದ. ನಾನೇನು ಪಾಲಕಿಯಲ್ಲಿ ಹೊರಡುವ ದೇವರೇ ಎಂದು ಬೈದೆ. ಕುದುರೆಯ ಮೇಲಾದರೂ ಹತ್ತು ಎಂದ. ಹತ್ತುವುದು ಹೇಗೆ? ರಿಕಾಪಿನಲ್ಲಿ ಎಡಗಾಲಿಟ್ಟು ಮೇಲೇಳಬೇಕು, ನನ್ನ ಎಡಗಾಲು ಒಪ್ಪುವ ಮಾತೇ ಅಲ್ಲ. ಉಳಿದದ್ದು ಇಬ್ಬರು ಗಂಡಸರು ಕಂಕುಳಲ್ಲಿ ಕೈ ಹಾಕಿ ಎತ್ತುವ ದಾರಿ. "ನನಗ ಗವಿ ನೋಡೂ ಆಸಿ ಇಲ್ಲೋ" ಎಂದು ಬಾಯಿ ಮುಚ್ಚಿಸಿದೆ. ಆಸೆ ಎಷ್ಟಿತ್ತೆಂದರೆ, ಗವಿಗೆ ಹೋದವರ ಬೂಟಿಗೆ ಮೆತ್ತಿದ ಮಣ್ಣನ್ನು ಕೂಡ ನಾನು ಬಗ್ಗಿ ನೋಡುತ್ತಿದ್ದೆ.

ನವೆಂಬರ್ ಕೊನೆಗೆ ನಾಲ್ಕನೆಯ ಕುದುರೆ ಬಂತು. ವಡಗಾವಿಯ ಪರಶುರಾಮ ಕಾಕಾ ತನ್ನ ಬಿಳಿ ಹೆಣ್ಣುಕುದುರೆ ಶೇವಂತಾಳನ್ನು ಎರಡು ದಿನ ನಡೆಸಿಕೊಂಡು ಬಂದ. ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗ ಅಣ್ಣಂದಿರಿಗೆ ಬಿಟ್ಟು, ಮದುವೆಯ ವರಾತಿಗೆ, ಅಂದರೆ ಮದುಮಗನ ಮೆರವಣಿಗೆಗೆ, ಕುದುರೆ ಹೊರಡಿಸುತ್ತ ಬದುಕಿದವನು. ವರಾತಿಗೆ ದೊಡ್ಡ ಸ್ಪೀಕರು ಬಂದ ಮೇಲೆ ಶೇವಂತಾ ಬೆದರತೊಡಗಿದ್ದಳು. ಕೆಲಸ ನಿಂತಿತು. ಅದೇ ಹೊತ್ತಿಗೆ ಅಣ್ಣಂದಿರು ಅವಳ ಕೊಟ್ಟಿಗೆ ಕೆಡವಿ ಮನೆ ವಿಸ್ತರಿಸಿದ್ದರು. ಸಂಜು ಕುದುರೆ ಹುಡುಕುತ್ತಿದ್ದಾನೆಂದು ಕೇಳಿ ಕಾಕಾ ಹೊರಟು ಬಂದಿದ್ದ. ತಲೆಯ ಮೇಲೆ ಕೇಸರಿ ರುಮಾಲು, ಹೆಗಲ ಮೇಲೆ ಕುದುರೆಯ ಚೀಲ, ತನ್ನ ಬಟ್ಟೆಯೂ ಅದರಲ್ಲೇ.

ಬಂದವನಿಗೆ ಚಹಾ ಕೊಟ್ಟೆ. ಸಂಜುಗೂ ಬಗ್ಗಿಸತೊಡಗಿದೆ. ಕಪ್ಪು ತುಂಬುತ್ತ ಬಂತು. "ಬಸ್ ಅಕ್ಕಾ, ಬಸ್" ಎಂದ ಸಂಜು.

ಅಂಗಳದಲ್ಲಿ ನಿಂತಿದ್ದ ಶೇವಂತಾ ಮುಂಗಾಲು ಮಡಿಸಿದಳು, ಹಿಂಗಾಲು ಮಡಿಸಿದಳು, ಹುಲ್ಲಿನ ಮೇಲೆ ಹೊಟ್ಟೆಯೂರಿ ಕೂತುಬಿಟ್ಟಳು. ಕೂತು, ಮುಂದೇನು ಎನ್ನುವಂತೆ ನಮ್ಮ ಕಡೆ ತಿರುಗಿದಳು. ನಮ್ಮ ಕೈಯ ಚಹಾ ಕೈಯಲ್ಲೇ ಉಳಿಯಿತು. ಮಗಳು ನಾಲ್ಕು ಜನರೆದುರು ಏನೋ ಅನಾಹುತ ಮಾಡಿದಳೆಂಬಂತೆ ಕಾಕಾ ತಲೆ ತಗ್ಗಿಸಿದ. ಅಷ್ಟರಲ್ಲಿ ಅಡುಗೆಮನೆಯಿಂದ ಜನಾಬಾಯಿ ಕೂಗಿದಳು: "ಊಟಾ ತಯ್ಯಾರ!" ಶೇವಂತಾ ದಡಕ್ಕನೆ ಎದ್ದು ನಿಂತಳು.

"ಅಕಿಗೆ ಎರಡ ಮಾತು ಕಲಿಸೀನ್ರಿ ಅಕ್ಕಾರ" ಎಂದ ಕಾಕಾ, ಮೆಲ್ಲಗೆ. "ಮರಾಠ್ಯಾಗ ಬಸ್ ಅಂದ್ರ ಕೂಡು. ಊಠ್ ಅಂದ್ರ ಏಳು. ಹೆಣ್ಣಿನ ಮನಿ ಬಾಗಲದಾಗ ಕುದರಿ ಕುಂತು, ಮದುಮಗ ಇಳದು, ಕುದರಿ ಎದ್ದಿತಂದ್ರ ಮಂದಿ ಹೂವು ಹಾರಸ್ತಿದ್ರು. ಇಲ್ಲೆ ಮಂದಿ ತಾಟಿನ ಮುಂದ ಬಸ್ ಅಂತಾರ, ಊಟ ಅಂತಾರ. ಅಕಿಗೇನ ಗೊತ್ರಿ, ಪಾಪ."

ಬೆಳಗಾವಿ ಸೀಮೆಯಲ್ಲಿ ಬದುಕಬೇಕಾದ ಕುದುರೆಗೆ ಇದಕ್ಕಿಂತ ಕಷ್ಟದ ಎರಡು ಮಾತು ಹುಡುಕಿದರೂ ಸಿಗುತ್ತಿರಲಿಲ್ಲ. ಬಂದವರೆಲ್ಲ ತುತ್ತಿಗೊಮ್ಮೆ ಬಸ್ ಎನ್ನುವವರು. ಎದುರಾದರೆ "ಊಟ ಆತೇನ್ರಿ?" ಎಂದು ಕೇಳುವವರು. ಹೊರಡುವ ದಿನ "ಬಸ್ ಎಷ್ಟಕ್ಕ ಬರ್ತೈತ್ರಿ?" ಎಂದು ವಿಚಾರಿಸುವವರು. ಶೇವಂತಾ ಇಡೀ ದಿನ ಏಳುತ್ತಿದ್ದಳು, ಕೂಡುತ್ತಿದ್ದಳು. ಮಕ್ಕಳಿಗೆ ಇದು ಆಟವಾಯಿತು. ಸಂಜುಗೆ ತಲೆನೋವಾಯಿತು.

ನನಗೆ ಮಾತ್ರ ಅವಳು ಮೊದಲ ವಾರದಲ್ಲೇ ಒಗ್ಗಿಬಿಟ್ಟಳು. ಪಕ್ಕದ ಮನೆಯ ಮಗ್ಗದ ಖಟಪಟ ಕೇಳುತ್ತ ಬೆಳೆದವಳಿಗೆ ಕಾಡಿನ ನಿಶ್ಶಬ್ದ ಸೇರುತ್ತಿರಲಿಲ್ಲ. ಕಿವಿ ನಿಮಿರಿಸಿಕೊಂಡು ನಿಂತಲ್ಲೇ ಕಾಲು ಬದಲಿಸುತ್ತಿದ್ದಳು. ನಾನು ನಡೆದರೆ ನನ್ನ ಬೂಟಿನ ಕಬ್ಬಿಣದ ಪಟ್ಟಿ ಖಟ್ ಎನ್ನುತ್ತದೆ, ಕೋಲು ಟಕ್ ಎನ್ನುತ್ತದೆ. ಆ ಸಪ್ಪಳ ಕೇಳಿದರೆ ಅವಳ ಕಿವಿ ಸಡಿಲವಾಗುತ್ತಿತ್ತು. ಆಯುಷ್ಯವಿಡೀ ನಾನು ಮುಚ್ಚಿಡಲು ನೋಡಿದ ಸಪ್ಪಳ ಅದು. ಒಂದು ಜೀವಕ್ಕೆ ಅದರಿಂದ ಸಮಾಧಾನವಾಗುತ್ತದೆ ಎಂದರೆ ನನಗೆ ನಂಬುವುದೇ ಕಷ್ಟವಾಯಿತು. ಆಮೇಲೆ ದಿನಾ ಬೇಕೆಂದೇ ಅವಳ ಸುತ್ತ ನಾಲ್ಕು ಸುತ್ತು ಹಾಕತೊಡಗಿದೆ.

ಜನವರಿಯಲ್ಲಿ ಎಡವಟ್ಟು ಆಯಿತು. ಶಹಾಪುರದ ದೊಡ್ಡ ಮನುಷ್ಯರೊಬ್ಬರು ಶೇವಂತಾಳ ಮೇಲೆ ಹಳ್ಳ ದಾಟುತ್ತಿದ್ದರು. ದಂಡೆಯ ಮೇಲೆ ಹೆಂಡತಿ ಫೋಟೋ ತೆಗೆಯುತ್ತಲೇ ಇದ್ದಳು, ತೆಗೆಯುತ್ತಲೇ ಇದ್ದಳು. ಬೇಸತ್ತು ಅವರು ಹಳ್ಳದ ನಡುವೆ ಕೈ ಎತ್ತಿ "ಬಸ್ ಮಾಡ ಮಾರಾಯ್ತಿ, ಬಸ್!" ಎಂದು ಗದರಿದರು. ಶೇವಂತಾ ನೀರಿನಲ್ಲಿ ಕೂತಳು. ಅವರೂ ಸೊಂಟದವರೆಗೆ ಕೂತರು. ಪೆಟ್ಟೇನೂ ಆಗಲಿಲ್ಲ, ಹೆಂಡತಿ ಅಷ್ಟೂ ಫೋಟೋ ತೆಗೆದಳು. ಆದರೆ ಅವರು ಸಂಜುಗೆ ಆಡಿದ ಮಾತುಗಳು ಸಣ್ಣವಲ್ಲ.

ಅವತ್ತು ಸಂಜೆ ಸಂಜು ಕಾಕಾನನ್ನು ಕರೆದ. "ನೋಡ್ರಿ ಕಾಕಾ, ಇವತ್ತು ನೀರಾಗ ಕುಂತಾಳ, ನಾಳೆ ಏರಿನ್ಯಾಗ ಕುಂತರ ಮಂದಿ ಕೈಕಾಲು ಮುರೀತಾವ. ಹೋಳಿತನಾ ಟೈಮ್ ಐತಿ. ಆ ಚಟಾ ಬಿಡಸ್ರಿ. ಇಲ್ಲಾಂದ್ರ ಅಕಿನ್ನ ವಾಪಸ್ ಕರಕೊಂಡ ಹೋಗ್ರಿ."

ವಾಪಸ್ ಎಲ್ಲಿಗೆ? ಕೊಟ್ಟಿಗೆ ಇದ್ದಲ್ಲಿ ಈಗ ಅಣ್ಣನ ಮಗನ ಕೋಣೆ. ಹೋಳಿಯ ನಂತರ ಶೇವಂತಾಳನ್ನು ಯಾರಿಗಾದರೂ ಕೊಡಬೇಕು, ಯಾರಿಗೋ ಏನೋ. ಹದಿನಾಲ್ಕು ವರ್ಷದ ಕುದುರೆಯನ್ನು ಪ್ರೀತಿಯಿಂದ ಸಾಕಲು ಯಾರೂ ಒಯ್ಯುವುದಿಲ್ಲ ಎಂಬುದು ಕಾಕಾಗೆ ಗೊತ್ತಿತ್ತು. "ಹೂಂ ರೀ" ಎಂದಷ್ಟೇ ಹೇಳಿ ಎದ್ದು ಹೋದ. ಸಂಜು ಕೆಟ್ಟವನಲ್ಲ, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಚಟ ಬಿಡಿಸುವ ಕೆಲಸ ನಾನು ವಹಿಸಿಕೊಂಡೆ. ಕೈಯಲ್ಲಿ ಬೆಲ್ಲ ಹಿಡಿದು ಅವಳೆದುರು ನಿಂತು "ಬಸ್" ಎನ್ನುವುದು, ಕೂತರೆ ಬೆಲ್ಲವಿಲ್ಲ, ನಿಂತೇ ಇದ್ದರೆ ಬೆಲ್ಲ, ಇದು ನನ್ನ ಲೆಕ್ಕ. ಅವಳು ಪ್ರತಿ ಸಲವೂ ಕೂತಳು. ಕೂತು, ಬೆಲ್ಲ ಯಾಕೆ ಬರಲಿಲ್ಲ ಎಂದು ನನ್ನ ಮುಷ್ಟಿಯನ್ನು ಮೂಸಿದಳು. ಹೇಳಿದ ಮಾತು ಇಷ್ಟು ಚೊಕ್ಕವಾಗಿ ಕೇಳಿದವಳನ್ನು ಬೆಲ್ಲ ಕೊಡದೆ ಹೇಗೆ ಎಬ್ಬಿಸಲಿ? ನಾಲ್ಕನೆಯ ದಿನ ಅಷ್ಟೂ ಬೆಲ್ಲ ತಿನ್ನಿಸಿ ಪಾಠ ನಿಲ್ಲಿಸಿದೆ. ಕುದುರೆ ಕಲಿಯದಿದ್ದರೆ ಮನುಷ್ಯರೇ ಕಲಿಯಲಿ ಎಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಮೇಜಿನ ಮುಂದೆ ತೂಗುಹಾಕಿದೆ: ಇಲ್ಲಿ 'ಬಸ್' ಅನ್ನಬಾರದು. 'ಊಟ' ಅನ್ನಬಾರದು.

ಏನೆಲ್ಲ ಪಜೀತಿ! ಸಾಕು ಎನ್ನಿ ಎಂದರೆ ಜನಕ್ಕೆ ನಗು. ಊಟಕ್ಕೆ ಕರೆಯಬೇಕಾದರೆ ಜನಾಬಾಯಿ "ಜೇವಣ!" ಎಂದು ಕೂಗಬೇಕು. ಕಣಕುಂಬಿಯ ಬಸ್ಸನ್ನು ಎಲ್ಲರೂ ಗಾಡಿ ಎನ್ನಬೇಕು. ಮೂರನೆಯ ದಿನ ಜನಾಬಾಯಿಯೇ ಎಮ್ಮೆಯ ಮೇಲೆ ಸಿಟ್ಟಾಗಿ "ಬಸ್ ಕರ್ ಗ!" ಎಂದು ಚೀರಿ ತುಟಿ ಕಚ್ಚಿಕೊಂಡಳು. ನಾನೊಬ್ಬಳೇ ಇಡೀ ಚಳಿಗಾಲ ತಪ್ಪಲಿಲ್ಲ. ಆ ವಿಷಯದಲ್ಲಿ ನನಗೆ ಬಹಳ ಜಂಭವಿತ್ತು.

ಫೆಬ್ರವರಿ ಮುಗಿಯುತ್ತ ಬಂತು. ಮಂಜು ಬೇಗ ಹರಿಯತೊಡಗಿತು. ಅಂಜನಿಯ ಗಿಡಗಳಿಗೆ ನೀಲಿ ಹೂವು ಬಂದವು, ಕವಳಿಯ ಕಂಟಿಗಳು ಬೆಳ್ಳಗಾದವು, ಹಳ್ಳದ ನೀರು ಪಾದದವರೆಗೆ ಇಳಿಯಿತು. ಹೋಳಿಗೆ ನಾಲ್ಕೇ ದಿನ. ಅವತ್ತು ಬಂದವರು ಯಾರೂ ಇರಲಿಲ್ಲ. ಸಂಜು ಸಾಮಾನು ತರಲು ಖಾನಾಪುರಕ್ಕೆ ಹೋಗಿದ್ದ. ಕಾಕಾ ಶೇವಂತಾಳ ಮೈ ತಿಕ್ಕುತ್ತಿದ್ದ. ಪಕ್ಕದಲ್ಲಿ ಅವನ ಚೀಲ ಆಗಲೇ ಕಟ್ಟಿ ಇಟ್ಟಿತ್ತು. ಅದನ್ನು ನೋಡಲಾರದೆ ಏನೋ ಒಂದು ಕೇಳಿಬಿಟ್ಟೆ.

"ಕಾಕಾ, ಗವಿ ಹ್ಯಾಂಗ ಐತ್ರಿ?"

"ನೀವ ದಿನಾ ಹೇಳ್ತೀರಲ್ರಿ ಅಕ್ಕಾರ."

"ನಾ ನೋಡಿಲ್ರಿ."

"ಗೊತ್ತೈತ್ರಿ" ಎಂದ ಕಾಕಾ, ತಿಕ್ಕುವ ಕೈ ನಿಲ್ಲಿಸದೆ. "ಮುಂಜಾನಿ ಬಿಸಲು ಒಳಗ ಬೀಳತೈತಿ ಅಂತ ಹೇಳ್ತೀರಿ ನೀವು. ಗವಿ ಬಾಯಿ ಹೊತ್ತು ಮುಳುಗೂ ಕಡೆ ಐತ್ರಿ."

ಮೂರು ತಿಂಗಳು ನನ್ನ ಸುಳ್ಳನ್ನು ದಿನಾ ಕೇಳಿಸಿಕೊಂಡಿದ್ದ. ಒಬ್ಬರ ಮುಂದೂ ಬಾಯಿ ಬಿಟ್ಟಿರಲಿಲ್ಲ. ನನಗೆ ನಾಚಿಕೆಯೂ ಬಂತು, ಅವನ ಮೇಲೆ ಜೀವವೂ ಬಂತು.

ಕಾಕಾ ಬ್ರಷ್ ಕೆಳಗಿಟ್ಟು ಶೇವಂತಾಳ ಬೆನ್ನಿಗೆ ಜೀನು ಬಿಗಿದ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. "ನಾ ಕೈ ಹಚ್ಚಂಗಿಲ್ರಿ. ಯಾರೂ ಹಚ್ಚಂಗಿಲ್ಲ. ನೀವ ಅಕಿಗೆ ಹೇಳ್ರಿ."

ಒಂದು ಗಳಿಗೆ ನನಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ, ಮೂರು ತಿಂಗಳಿಂದ ಈ ಕುದುರೆಯ ಮೇಲೆ ಎಲ್ಲರೂ ಹೊರಿಸಿದ್ದ ಅಪರಾಧ ಏನೆಂದು ನೆನೆದು ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಹತ್ತಿರ ಹೋಗಿ, ಅವಳ ಕುತ್ತಿಗೆಯ ಮೇಲೆ ಕೈಯಿಟ್ಟು, "ಬಸ್" ಎಂದೆ.

ಶೇವಂತಾ ಕೂತಳು. ಅವಳ ಬೆನ್ನು ಈಗ ನನ್ನ ಸೊಂಟಕ್ಕಿಂತ ಕೆಳಗಿತ್ತು. ಕೋಲನ್ನು ಕಾಕಾನ ಕಡೆ ಎಸೆದೆ. ಜೀನಿನ ಮೇಲೆ ಅಡ್ಡ ಕೂತು, ಕಬ್ಬಿಣದ ಕಾಲನ್ನು ನನ್ನ ಎರಡೂ ಕೈಯಿಂದ ಎತ್ತಿ ಆಚೆ ಬದಿಗೆ ಹಾಕಿದೆ. ಅವಳ ಕುತ್ತಿಗೆಯ ಕೂದಲು, ಆ ಆಯಾಳು, ಗಟ್ಟಿಯಾಗಿ ಹಿಡಿದುಕೊಂಡೆ. "ಊಟ" ಎಂದೆ. ಮರಾಠಿಯ ಊಠ್ ನನ್ನ ಬಾಯಿಗೆ ಬರಲಿಲ್ಲ, ನಮ್ಮ ಊಟವೇ ಬಂತು. ಅವಳಿಗೆ ಅಷ್ಟು ಸಾಕಾಯಿತು. ಮುಂಗಾಲೂರಿ ಮೇಲೆದ್ದಾಗ ನಾನು ಹಿಂದಕ್ಕೆ ಜೋಲಿ ಹೊಡೆದೆ; ಹಿಂಗಾಲೂರಿದಾಗ ಸರಿಯಾದೆ. ನಾನು ಕುದುರೆಯ ಮೇಲಿದ್ದೆ, ಯಾರೂ ನನ್ನನ್ನು ಎತ್ತಿರಲಿಲ್ಲ.

ಮೊದಲು ಕಂಡದ್ದು ಕಾಕಾನ ರುಮಾಲಿನ ನೆತ್ತಿ. ಆಯುಷ್ಯವಿಡೀ ಜನರ ಗದ್ದ ನೋಡಿಕೊಂಡು ಮಾತಾಡಿದವಳು ನಾನು. ಒಬ್ಬರ ನೆತ್ತಿ ಹೇಗಿರುತ್ತದೆಂದು ನೋಡಿದ್ದು ಅವತ್ತೇ. ಅಡುಗೆಮನೆಯ ತಗಡಿನ ಮೇಲೆ ಜನಾಬಾಯಿ ಸಂಡಿಗೆ ಒಣಹಾಕಿದ್ದಳು. ಅದೂ ಅವತ್ತೇ ಗೊತ್ತಾಯಿತು. ಜನಾಬಾಯಿ ಹೊರಗೆ ಬಂದು ನನ್ನನ್ನು ನೋಡಿ, "ಅಗೋ ಬಾಯಿ!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಕಾಕಾ ಮುಂದೆ ಹಗ್ಗ ಹಿಡಿದು ನಡೆದ. ಬಂಡೆ ಬಂದಲ್ಲಿ ಶೇವಂತಾ ಕಾಲಿಂದ ತಡವಿ ನೋಡಿ ಹೆಜ್ಜೆ ಇಡುತ್ತಿದ್ದಳು, ನಾನು ನಡೆಯುವ ಹಾಗೆಯೇ. ಎರಡು ಮೈಲಿಗೆ ಒಂದು ತಾಸು ಹಿಡಿಯಿತು. ದಾರಿಯುದ್ದಕ್ಕೂ ಕವಳಿ ಹೂವಿನ ಘಮ. ಕಾಕಾ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ನಾನು ಒಂದು ತಾಸು ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ.

ಗವಿ ಬಂತು. ಕರಿಯ ಬಂಡೆಯಲ್ಲಿ ಅಗಲವಾಗಿ ಬಾಯಿ ತೆರೆದುಕೊಂಡಿತ್ತು. ಕಾಕಾ ನಮ್ಮನ್ನು ಅದರ ಮಾಡಿನ ಕೆಳಗೆ ತಂದು ನಿಲ್ಲಿಸಿದ. ಮೊದಲು ಬಂದದ್ದು ವಾಸನೆ. ಅಬ್ಬಾ, ಆ ಬಾವಲಿ ಹಿಕ್ಕೆಯ ನಾತ! ಚಳಿಗಾಲವಿಡೀ ಅಷ್ಟು ಜನ ಬಂದು ಅಷ್ಟು ಹೊಗಳಿದ್ದರಲ್ಲ, ಈ ನಾತದ ಮಾತು ಒಬ್ಬರೂ ಆಡಿರಲಿಲ್ಲ. ಹತ್ತು ಲಾರಿ ಎಲ್ಲಿಂದ ಬರಬೇಕು, ಒತ್ತಿ ನಿಲ್ಲಿಸಿದರೆ ನಾಲ್ಕು ಹಿಡಿದಾವು. ಒಳಗೆ ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ. ನಾನು ಹೊಲಿದುಕೊಂಡಿದ್ದ ಗವಿ ಇದರ ಎರಡರಷ್ಟಿತ್ತು. ಮೂಗಿಗೆ ಸೆರಗು ಹಿಡಿದು, ತಡೆಯಲಾರದೆ ಅಂದೆ:

"ಇಷ್ಟ ಏನ್ರಿ ಕಾಕಾ? ಬಸ್?"

ಶೇವಂತಾ ಕೂತಳು. ಗವಿಯೂ ಒಳಗಿನಿಂದ "ಬಸ್" ಎಂದಿತು. ಆ ಹಸಿ ಹಿಕ್ಕೆಯ ನೆಲದ ಮೇಲೆ, ಇಡೀ ಚಳಿಗಾಲ ಊರಿಗೆಲ್ಲ ಕಾನೂನು ಹೇಳಿದವಳು ಕುದುರೆಯ ಸಮೇತ ಕೂತೆ. ಕಾಕಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಾಕಾ ಬಂಡೆಗೆ ಒರಗಿ, ರುಮಾಲು ತೆಗೆದು ಕಣ್ಣೊರೆಸಿಕೊಂಡು ನಕ್ಕ. ನನಗೆ ನಕ್ಕು ನಕ್ಕು ಪಕ್ಕೆ ಹಿಡಿಯಿತು. ಮೇಲೆ ಬಾವಲಿಗಳು ಗುಜುಗುಜು ಮಾಡಿ ಸುಮ್ಮನಾದವು.

ನಗು ಇಳಿದ ಮೇಲೂ ನಾನು ಏಳಲು ಹೇಳಲಿಲ್ಲ. ಕೂತಲ್ಲೇ ಕೂತೆವು. ಕಣ್ಣು ಕತ್ತಲೆಗೆ ಹೊಂದಿಕೊಂಡ ಹಾಗೆ ಗವಿ ಸ್ವಲ್ಪ ಸ್ವಲ್ಪವೇ ಒಳಗೆ ಉದ್ದವಾಗುತ್ತ ಹೋಯಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಬಂಡೆಯ ಮೇಲೆ ಬಿಳಿಯ ಗೆರೆಗಳಿದ್ದವು, ಅಂಥವು ಇವೆ ಎಂದು ಯಾರೂ ಹೇಳಿರಲಿಲ್ಲ. ನನ್ನ ಕಣ್ಣಿಂದಲೇ ನೋಡಿದ ಗವಿ ಅದು. ನನಗೆ ಬಹಳ ಸುಖವಾಯಿತು, ಅದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಕೆಳಗೆ ಇಳಿದು ಬಂದಾಗ ಸಂಜು ಅಂಗಳದಲ್ಲಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಯಾರ ಹತ್ತಿಸಿದ್ರು ನಿನ್ನ?"

"ಯಾರೂ ಇಲ್ಲ."

"ಸುಳ್ಳ ಹೇಳಬ್ಯಾಡ. ನಾ ಎಷ್ಟ ಸಲ ಕೇಳೀನಿ, ಎತ್ತಿ ಕುಂದರಸ್ತೀನಿ ಅಂತ."

"ಎತ್ತೂದ ಬ್ಯಾಡಾಗಿತ್ತೋ ನನಗ" ಎಂದೆ. ಆಮೇಲೆ ಶೇವಂತಾಳ ಕಿವಿಯ ಹತ್ತಿರ ಬಗ್ಗಿ "ಬಸ್" ಎಂದೆ. ಅವಳು ಕೂತಳು. ಕಾಲನ್ನು ಈಚೆ ತೆಗೆದುಕೊಂಡು, ಕಾಕಾ ಚಾಚಿದ ಕೋಲು ಊರಿ, ನಾನೇ ಎದ್ದು ಅವನೆದುರು ನಿಂತೆ. ಸಂಜು ನೋಡಿದ. ಹೋಗಿ ಜೀಪಿನ ಟಾಯರು ಒತ್ತಿ ನೋಡತೊಡಗಿದ. ನಾಲ್ಕು ಟಾಯರನ್ನೂ ಒತ್ತಿದ, ಸ್ಟೆಪ್ನಿಯನ್ನೂ ಬಿಡಲಿಲ್ಲ. ನಾನು ಹದಿನಾರರವಳಾಗಿ ಯಾರೂ ಎತ್ತಬಾರದೆಂದು ಆಣೆ ಹಾಕಿದಾಗ ಅವನಿಗೆ ಒಂಬತ್ತು ವರ್ಷ. ಅವತ್ತೂ ಹೀಗೆಯೇ ಹೊರಗೆ ಹೋಗಿ ಸೈಕಲ್ಲಿನ ಚಕ್ರ ತಿರುಗಿಸುತ್ತ ನಿಂತಿದ್ದ.

ಮರುದಿನ ಮೇಜಿನ ಮುಂದೆ ನನ್ನ ರಟ್ಟು ಇರಲಿಲ್ಲ. ಸಂಜು ಹೊಸದು ಬರೆದಿದ್ದ: ಮೊಣಕಾಲು ನೋವಿದ್ದವರಿಗೆ ಕೂಡುವ ಕುದುರೆ ಇದೆ. ಕಾಕಾ ಅದನ್ನು ಎರಡು ಸಲ ಓದಿದ. ತನ್ನ ಚೀಲ ಬಿಚ್ಚಿ, ಅಂಗಿಯನ್ನು ತಿರುಗಿ ಗೂಟಕ್ಕೆ ತೂಗುಹಾಕಿದ.

ಮುಂದಿನ ನಾಲ್ಕು ಚಳಿಗಾಲ ಟಿಳಕವಾಡಿಯ ಮೊಣಕಾಲು ನೋವಿನ ಅಜ್ಜಿಯರೆಲ್ಲ ಗವಿ ನೋಡಿ ಬಂದರು. ಶೇವಂತಾ ಅವರ ಜೊತೆ ಸಪಾಟು ದಾರಿಯಲ್ಲಿ ಮೆಲ್ಲಗೆ ಹೋಗುತ್ತಿದ್ದಳು, ಏರಿನಲ್ಲಿ ಕಾಕಾ ಯಾರಿಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಆಮೇಲೆ ಜಾಗದ ಒಡೆಯರು ಬಯಲಿಗೆ ಗೇರು ಹಚ್ಚಿದರು, ಡೇರೆಗಳು ಮಡಿಸಿ ಅಟ್ಟ ಸೇರಿದವು. ಶೇವಂತಾಳನ್ನು ಜನಾಬಾಯಿ ತನ್ನ ಎಮ್ಮೆಗಳ ಜೊತೆ ಇಟ್ಟುಕೊಂಡಳು. ಕಾಕಾ ವಾರಕ್ಕೊಮ್ಮೆ ವಡಗಾವಿಯಿಂದ ಹೋಗಿ ಮೈ ತಿಕ್ಕಿ ಬರುತ್ತಾನೆ. ನಾನು ಮಾತ್ರ ಬೂಟು ಬದಲಾಯಿತು, ಸೊಂಟ ಹಿಡಿಯಿತು ಎಂದು ಏನೇನೋ ನೆಪ ಹೇಳುತ್ತ ಹೋಗಿರಲಿಲ್ಲ.

ಮದುವೆಯ ಊಟದ ಮರುವಾರ ಕಾಕಾನ ಜೊತೆ ಕಣಕುಂಬಿಯ ಗಾಡಿ ಹತ್ತಿದೆ. ಗೌಳಿವಾಡೆಯ ಹಿಂದಿನ ಹುಲ್ಲುಗಾವಲಿನಲ್ಲಿ ಶೇವಂತಾ ನಿಂತಿದ್ದಳು. ಇಪ್ಪತ್ತೆರಡು ದಾಟಿದೆ ಈಗ. ಕಣ್ಣ ಮೇಲಿನ ಗುಳಿಗಳು ಆಳವಾಗಿವೆ, ಮುಂಗಾಲಿನ ಗಂಟುಗಳು ಊದಿವೆ. ನನ್ನ ಬೂಟಿನ ಖಟ್, ಕೋಲಿನ ಟಕ್ ಕೇಳಿದ್ದೇ ಅವಳ ಕಿವಿ ತಿರುಗಿತು. ಕಾಕಾನ ಕಣ್ಣು ಮಿಂಚಿತು.

"ಹೇಳ್ರಿ ಅಕ್ಕಾರ, ಆ ಮಾತು. ನಿಮಗಂತ ಕೂಡ್ತಾಳ ನೋಡ್ರಿ."

ಕೂಡುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಆ ಊದಿದ ಗಂಟುಗಳನ್ನು ಮಡಿಸಿ ಕೂಡುವುದು, ಮತ್ತೆ ಅವುಗಳ ಮೇಲೇ ಭಾರ ಹಾಕಿ ಏಳುವುದು ಎಂಥದೆಂದು ನನಗೆ ಗೊತ್ತು. "ಇವತ್ತ ಬ್ಯಾಡ್ರಿ ಕಾಕಾ, ಇವತ್ತ ನಾನ ಕುಂದರ್ತೀನಿ" ಎಂದೆ. ಕೋಲು ಊರಿ, ಬೂಟಿನ ಕೀಲು ಬಿಚ್ಚಿ, ಅವಳ ಕಾಲ ಬಳಿ ಹುಲ್ಲಿನ ಮೇಲೆ ಕೂತೆ. ಶೇವಂತಾ ತಲೆ ಬಗ್ಗಿಸಿ ನನ್ನ ಮುಷ್ಟಿ ಮೂಸಿದಳು. ಬೆಲ್ಲ ತಂದಿದ್ದೆ, ಈ ಸಲ ಪಾಠವಿಲ್ಲದೆ ಕೊಟ್ಟೆ.

ಗುಡಿಸಲಿನಿಂದ ಜನಾಬಾಯಿ ಕೂಗಿದಳು. "ಬಾಯಿ, ಊಟಾ ತಯ್ಯಾರ!"

ಶೇವಂತಾ ನಿಂತೇ ಇದ್ದಳು. ಏಳಬೇಕಾದವಳು ನಾನು. ಅವಳು ಒಮ್ಮೆ ನನ್ನ ಕಡೆ ನೋಡಿ, ಕುತ್ತಿಗೆಯನ್ನು ನನ್ನ ಕೈಗೆ ಸಿಗುವಷ್ಟು ಕೆಳಗೆ ಚಾಚಿದಳು. ಆಯಾಳು ಹಿಡಿದುಕೊಂಡೆ. ಅವಳು ಮೆಲ್ಲಗೆ ತಲೆ ಎತ್ತಿದಳು. ಹದಿನಾರನೆಯ ವಯಸ್ಸಿನ ನಂತರ ಮೊದಲ ಸಲ ಒಬ್ಬರು ನನ್ನನ್ನು ಎತ್ತಿದರು, ನಾನು ಬೇಡ ಎನ್ನಲಿಲ್ಲ.